ಹೊರಗೆ ನಿಲ್ಲಲು ಜಾಗ ಎಲ್ಲಿದೆ? ನಿಸರ್ಗವಾದ, ವಾಸ್ತವವಾದ, ಸಾಪೇಕ್ಷತಾವಾದ

(ತತ್ತ್ವಶಾಸ್ತ್ರ ಓದದವರೂ ಇದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಗ್ರಹಗಳ ಕತೆಯಿಂದ ಶುರು ಮಾಡೋಣ. ತತ್ತ್ವಶಾಸ್ತ್ರ ಅಂತ ಕರೆದು ಖಗೋಳ ಹೇಳ್ತಾ ಇದ್ದಾರಲ್ಲ ಅನ್ನಬೇಡಿ, ಕಾರಣ ಇದೆ.

1781ರಲ್ಲಿ ಪತ್ತೆಯಾದ ಯುರೇನಸ್ ಗ್ರಹ ವಿಜ್ಞಾನಿಗಳಿಗೆ ತಲೆನೋವಾಗಿತ್ತು. ನ್ಯೂಟನ್ ನಿಯಮದ ಪ್ರಕಾರ ಅದು ಇರಬೇಕಾದ ಜಾಗವೇ ಬೇರೆ, ಕಾಣುತ್ತಿದ್ದ ಜಾಗವೇ ಬೇರೆ. ಈಗ ಏನು ಮಾಡುವುದು? ನ್ಯೂಟನ್ ತಪ್ಪು ಎಂದು ಕೈಬಿಡಬಹುದು. ಇಲ್ಲವೇ, ನಮಗೆ ಕಾಣದ ಇನ್ನೊಂದು ಗ್ರಹ ಅದನ್ನು ಎಳೆಯುತ್ತಿದೆ ಅನ್ನಬಹುದು. ಫ್ರಾನ್ಸಿನ ಲೆವೆರಿಯೆ ಎರಡನೇ ದಾರಿ ಹಿಡಿದರು. ಕೂತು ಲೆಕ್ಕ ಹಾಕಿದರು. ಆ ಕಾಣದ ಗ್ರಹ ಆಕಾಶದಲ್ಲಿ ಎಲ್ಲಿರಬೇಕು ಎಂದು ಬರ್ಲಿನ್ ವೀಕ್ಷಣಾಲಯಕ್ಕೆ ಪತ್ರ ಬರೆದರು. ಪತ್ರ ಕೈಸೇರಿದ ರಾತ್ರಿಯೇ, 1846ರ ಸೆಪ್ಟೆಂಬರ್ 23ರಂದು, ಅಲ್ಲಿನ ಗಾಲೆ ಎಂಬ ಖಗೋಳಜ್ಞರು ದೂರದರ್ಶಕ ತಿರುಗಿಸಿ ನೋಡಿದರು. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು.

ಲೆವೆರಿಯೆ ರಾತ್ರೋರಾತ್ರಿ ಯುರೋಪಿನಲ್ಲೆಲ್ಲ ಹೆಸರಾದರು. ಆಮೇಲೆ ಅವರ ಕಣ್ಣು ಬುಧ ಗ್ರಹದ ಮೇಲೆ ಬಿತ್ತು. ಬುಧನ ಕಕ್ಷೆ ನಿಂತಲ್ಲೇ ನಿಲ್ಲುವುದಿಲ್ಲ, ನಿಧಾನವಾಗಿ ತಿರುಗುತ್ತಾ ಹೋಗುತ್ತದೆ. ಉಳಿದ ಗ್ರಹಗಳ ಸೆಳೆತವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಚೂರು ಬಾಕಿ ಉಳಿಯುತ್ತಿತ್ತು. ಎಷ್ಟು ಚೂರು? ಒಂದು ಡಿಗ್ರಿಯನ್ನು 3600 ಭಾಗ ಮಾಡಿ, ನೂರು ವರ್ಷಕ್ಕೆ ಅಂಥ ಸುಮಾರು 43 ಭಾಗ. ಇಷ್ಟೇ. ಬೇರೆಯವರಾಗಿದ್ದರೆ ಸುಮ್ನೆ ಬಿಡುತ್ತಿದ್ದರೇನೋ. ಲೆವೆರಿಯೆ ಬಿಡಲಿಲ್ಲ. 1859ರಲ್ಲಿ ಅದೇ ಹಳೇ ದಾರಿ ಹಿಡಿದರು: ಸೂರ್ಯನಿಗೂ ಬುಧನಿಗೂ ನಡುವೆ ಏನೋ ಇದೆ.

ಅದೇ ವರ್ಷದ ಕೊನೆಗೆ ಲೆಸ್ಕಾರ್ಬೋ ಎಂಬ ಹಳ್ಳಿ ಡಾಕ್ಟರಿಂದ ಪತ್ರ ಬಂತು. ಮಾರ್ಚ್ ತಿಂಗಳಲ್ಲಿ ಸೂರ್ಯನ ಮುಖದ ಮೇಲೆ ಕಪ್ಪು ಚುಕ್ಕೆಯೊಂದು ದಾಟಿ ಹೋದದ್ದನ್ನು ನೋಡಿದೆ, ಅಂತ. ಲೆವೆರಿಯೆ ಖುದ್ದಾಗಿ ಆ ಹಳ್ಳಿಗೆ ಹೋಗಿ, ಡಾಕ್ಟರನ್ನು ಅಡ್ಡಪ್ರಶ್ನೆ ಹಾಕಿ ವಿಚಾರಿಸಿ, ಒಪ್ಪಿಕೊಂಡು ಬಂದರು. ಗ್ರಹಕ್ಕೆ ವಲ್ಕನ್ ಎಂಬ ಹೆಸರಾಯಿತು. ಡಾಕ್ಟರಿಗೆ ಸರ್ಕಾರದ ಗೌರವ ಸಿಕ್ಕಿತು. 1878ರ ಗ್ರಹಣದಲ್ಲಿ ಅಮೆರಿಕದ ಇಬ್ಬರು ಅನುಭವಸ್ಥ ವೀಕ್ಷಕರು ತಾವೂ ಕಂಡೆವು ಎಂದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ಅದು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ವಲ್ಕನ್ ಇರಲೇ ಇಲ್ಲ. 1915ರ ನವೆಂಬರಿನಲ್ಲಿ ಐನ್‌ಸ್ಟೈನ್ ತಮ್ಮ ಹೊಸ ಗುರುತ್ವ ಸಿದ್ಧಾಂತದಿಂದ ಆ 43ನ್ನು ಯಾವ ಗ್ರಹದ ಸಹಾಯವೂ ಇಲ್ಲದೆ ತೆಗೆದು ತೋರಿಸಿದರು. ಲೆವೆರಿಯೆ ಅಷ್ಟು ಹೊತ್ತಿಗೆ ತೀರಿಕೊಂಡು ಬಹಳ ಕಾಲವಾಗಿತ್ತು. ಅವರು ತೀರಿಕೊಂಡದ್ದು 1877ರಲ್ಲಿ, ಅದೂ ಸೆಪ್ಟೆಂಬರ್ 23ರಂದೇ. ಈ ತಾರೀಕಿಗೆ ಯಾವ ಅರ್ಥವೂ ಇಲ್ಲ, ಸುಮ್ನೆ ಹೇಳಿದೆ.

ಈಗ ನೋಡಿ. ಅದೇ ಮನುಷ್ಯ, ಅದೇ ಸಿದ್ಧಾಂತ, ಅದೇ ಉಪಾಯ. ಒಂದು ಸಲ ಗೆದ್ದಿತು, ಒಂದು ಸಲ ಸೋತಿತು. ಲೆಕ್ಕ ತಾಳೆಯಾಗದಿದ್ದಾಗ ಸಿದ್ಧಾಂತ ಬಿಡಬೇಕೋ, ಹೊಸ ಗ್ರಹ ಸೇರಿಸಬೇಕೋ ಎಂದು ಮೊದಲೇ ಹೇಳುವ ನಿಯಮ ಯಾವುದಾದರೂ ಇದೆಯಾ? ಇಲ್ಲ ಎನ್ನುವುದಾದರೆ, ನೆಪ್ಚೂನ್ ಇದೆ, ವಲ್ಕನ್ ಇಲ್ಲ ಎಂದು ತೀರ್ಮಾನ ಮಾಡಿದ್ದು ಯಾರು? ವಾಸ್ತವವಾದಿ ಹೇಳುತ್ತಾನೆ: ಜಗತ್ತು. ನಮ್ಮ ಭಾಷೆ, ಸಂಸ್ಕೃತಿ ಏನೇ ಇರಲಿ, ಅದು ತನ್ನ ಪಾಡಿಗೆ ತಾನಿದೆ. ಸಾಪೇಕ್ಷತಾವಾದಿ ಹೇಳುತ್ತಾನೆ: ಆ ಕಾಲದ, ಆ ಸಮುದಾಯದ ಒಪ್ಪಂದ. ನಿಸರ್ಗವಾದಿ ಇವರಿಬ್ಬರನ್ನೂ ಸ್ವಲ್ಪ ತಡೆದು, ತೀರ್ಮಾನ ನಿಜವಾಗಿ ಹೇಗೆ ನಡೆಯಿತು ನೋಡೋಣ ಬನ್ನಿ, ಅನ್ನುತ್ತಾನೆ.

ನಿಸರ್ಗವಾದ ಅಂದಾಗ ಕಾಡು, ಹೊಳೆ, ಪರಿಸರ ಪ್ರೀತಿ ನೆನಪಾಗಬಹುದು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿ ಅದರ ತಿರುಳು ಇಷ್ಟು: ವಿಜ್ಞಾನಕ್ಕಿಂತ ಮೇಲೆ ಕೂತು ವಿಜ್ಞಾನಕ್ಕೆ ಪರವಾನಗಿ ಕೊಡುವ ಅಧಿಕಾರ ತತ್ತ್ವಶಾಸ್ತ್ರಕ್ಕೆ ಇಲ್ಲ. ಇದನ್ನು ತುಂಬ ಗಟ್ಟಿಯಾಗಿ ಹೇಳಿದವರು ಹಾರ್ವರ್ಡ್‌ನಲ್ಲಿ ಪಾಠ ಮಾಡುತ್ತಿದ್ದ ವಿಲ್ಲರ್ಡ್ ವಾನ್ ಓರ್ಮನ್ ಕ್ವೈನ್. 1908ರಲ್ಲಿ ಹುಟ್ಟಿ 2000ದಲ್ಲಿ ತೀರಿಕೊಂಡವರು. ತರ್ಕಶಾಸ್ತ್ರದ ಚಿಹ್ನೆಗಳಿಗೆ ಜಾಗ ಬೇಕೆಂದು ತಮ್ಮ ಟೈಪ್‌ರೈಟರಿನ ಪ್ರಶ್ನಾರ್ಥಕ ಚಿಹ್ನೆಯನ್ನೇ ತೆಗೆಸಿದ್ದರು ಎಂಬ ಕತೆ ಅವರ ಬಗ್ಗೆ ಪ್ರಸಿದ್ಧ. ತತ್ತ್ವಜ್ಞಾನಿಗೆ ಪ್ರಶ್ನೆ ಬೇಡವಾಯಿತು ನೋಡಿ!

ಕ್ವೈನ್‌ಗಿಂತ ಹಿಂದಿನವರ ಆಸೆ ಏನಾಗಿತ್ತು? ಹದಿನೇಳನೇ ಶತಮಾನದ ಫ್ರೆಂಚ್ ತತ್ತ್ವಜ್ಞಾನಿ ದೆಕಾರ್ತ್ ಕಾಲದಿಂದಲೂ ಒಂದೇ ಆಸೆ. ಮೊದಲು ಅಲುಗದ ಅಡಿಪಾಯ, ಆಮೇಲೆ ಅದರ ಮೇಲೆ ವಿಜ್ಞಾನ. 1920ರ, 30ರ ದಶಕದ ವಿಯೆನ್ನಾ ಗುಂಪಿನ ತತ್ತ್ವಜ್ಞಾನಿಗಳು ಇದನ್ನು ತಮ್ಮದೇ ರೀತಿಯಲ್ಲಿ ಮುಂದುವರಿಸಿದರು. ಅವರಲ್ಲಿ ಮುಖ್ಯರಾದ ಕಾರ್ನಾಪ್ ಅವರನ್ನು ಕ್ವೈನ್ 1933ರಲ್ಲಿ ಪ್ರಾಗ್‌ಗೆ ಹೋಗಿ ಕಂಡು ಕಲಿತರು. ಗುರುವೆಂದೇ ಭಾವಿಸಿದರು. ಆದರೆ 1951ರ ‘ಟೂ ಡಾಗ್ಮಾಸ್ ಆಫ್ ಎಂಪಿರಿಸಿಸಂ’ ಎಂಬ ಪ್ರಬಂಧದಲ್ಲಿ ಆ ಗುರುವಿನ ಬುಡಕ್ಕೇ ಕೈಹಾಕಿದರು. ಕಾರ್ನಾಪ್ ಪ್ರಕಾರ ನಮ್ಮ ವಾಕ್ಯಗಳಲ್ಲಿ ಎರಡು ಜಾತಿ. ‘ಅವಿವಾಹಿತನಿಗೆ ಹೆಂಡತಿ ಇಲ್ಲ’ ಎಂಬಂತೆ ಬರೀ ಅರ್ಥದಿಂದಲೇ ನಿಜವಾಗುವವು ಕೆಲವು, ಜಗತ್ತನ್ನು ನೋಡಿ ನಿಜವೋ ಸುಳ್ಳೋ ತಿಳಿಯಬೇಕಾದವು ಉಳಿದವು. ಮೊದಲನೆಯದು ತತ್ತ್ವಶಾಸ್ತ್ರದ ಪಾಲು, ಎರಡನೆಯದು ವಿಜ್ಞಾನದ ಪಾಲು. ಇಂಥ ಗೆರೆ ಎಲ್ಲೂ ಇಲ್ಲ ಎಂದರು ಕ್ವೈನ್. ನಮ್ಮ ನಂಬಿಕೆಗಳು ಒಂದೊಂದಾಗಿ ಪರೀಕ್ಷೆಗೆ ಹೋಗುವುದಿಲ್ಲ, ಒಟ್ಟಾಗಿ ಹೋಗುತ್ತವೆ. ಬುಧನ ಲೆಕ್ಕ ತಪ್ಪಿದಾಗ ಗ್ರಹ ಸೇರಿಸಬಹುದಿತ್ತು, ನ್ಯೂಟನ್ನನ್ನು ಬಿಡಬಹುದಿತ್ತು, ಕೊನೆಗೆ ಜ್ಯಾಮಿತಿಯನ್ನೇ ಬದಲಿಸಬಹುದಿತ್ತು. ಐನ್‌ಸ್ಟೈನ್ ಮಾಡಿದ್ದು ಆ ಮೂರನೆಯದನ್ನೇ. ಯಾವುದನ್ನು ಪ್ರಶ್ನಿಸಲಾಗದು ಎಂದು ಕಪಾಟಿನಲ್ಲಿ ಭದ್ರವಾಗಿ ಇಟ್ಟಿದ್ದರೋ ಅದನ್ನೇ ತೆಗೆದು ತಿದ್ದಿದರು.

ಮುಂದಿನ ಹೆಜ್ಜೆ 1969ರಲ್ಲಿ ಅಚ್ಚಾದ ಇನ್ನೊಂದು ಪ್ರಬಂಧ. ಅಡಿಪಾಯದ ಆಸೆಯನ್ನೇ ಬಿಟ್ಟುಬಿಡಿ ಎಂದರು ಕ್ವೈನ್. ಕಣ್ಣಿಗೆ ಒಂದಿಷ್ಟು ಬೆಳಕು ಬೀಳುತ್ತದೆ, ಕಿವಿಗೆ ಒಂದಿಷ್ಟು ಸದ್ದು. ಇಷ್ಟು ಕಡಿಮೆ ಬಂಡವಾಳದಿಂದ ಮನುಷ್ಯ ಗ್ರಹ, ಪರಮಾಣು, ಗಣಿತದವರೆಗೆ ಹೇಗೆ ಹೋಗುತ್ತಾನೆ? ಇದನ್ನು ಮನಶ್ಶಾಸ್ತ್ರದ ಪ್ರಶ್ನೆಯಾಗಿ ಕೇಳಿ. ಮನುಷ್ಯನೂ ನಿಸರ್ಗದ ಒಂದು ಪ್ರಾಣಿಯೇ ಅಲ್ವಾ? ವಿಜ್ಞಾನವನ್ನು ಬಳಸಿಯೇ ವಿಜ್ಞಾನವನ್ನು ಪರೀಕ್ಷಿಸಿದರೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೀರಲ್ಲ ಎಂಬ ಆಕ್ಷೇಪ ಕೂಡಲೇ ಬಂತು. ಅಡಿಪಾಯ ಹುಡುಕುವವನಿಗೆ ಮಾತ್ರ ಅದು ದೋಷ, ನಾನು ಹುಡುಕುತ್ತಿಲ್ಲ ಎಂಬುದು ಕ್ವೈನ್ ಉತ್ತರ.

ಇದಕ್ಕೆ ಅವರು ವಿಯೆನ್ನಾ ಗುಂಪಿನವರೇ ಆದ ಓಟೊ ನಾಯ್ರಾಟ್ ಅವರ ಹಡಗಿನ ಚಿತ್ರವನ್ನು ಮತ್ತೆ ಮತ್ತೆ ತರುತ್ತಿದ್ದರು. ನಾವು ನಡುಸಮುದ್ರದಲ್ಲಿರುವ ನಾವಿಕರು. ಹಡಗು ಹಾಳಾಗಿದೆ. ದಡಕ್ಕೆ ಎಳೆದು ಪೂರ್ತಿ ಬಿಚ್ಚಿ ಕಟ್ಟುವ ಅವಕಾಶ ಇಲ್ಲ. ಒಂದು ಹಲಗೆ ಬದಲಿಸುವಾಗ ಇನ್ನೊಂದರ ಮೇಲೆ ನಿಂತಿರಬೇಕು. ನಾಯ್ರಾಟ್ ಜೀವನದಲ್ಲಿ ಇದು ಬರೀ ಉಪಮೆಯಾಗಿ ಉಳಿಯಲಿಲ್ಲ ಅನ್ನುವುದು ಹಲವರಿಗೆ ಗೊತ್ತಿಲ್ಲ. 1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ಹಾಲೆಂಡಿಗೆ ನುಗ್ಗಿದಾಗ ಅಲ್ಲಿದ್ದ ಅವರು ಸಹೋದ್ಯೋಗಿ ಮಾರಿ ರೈಡೆಮೈಸ್ಟರ್ ಜೊತೆ ಕಿಕ್ಕಿರಿದ ಒಂದು ಜೀವರಕ್ಷಕ ದೋಣಿ ಹತ್ತಿ ಸಮುದ್ರಕ್ಕೆ ಇಳಿದರು. ಬ್ರಿಟಿಷ್ ಯುದ್ಧನೌಕೆಯೊಂದು ಅವರನ್ನು ಎತ್ತಿಕೊಂಡಿತು. ಇಂಗ್ಲೆಂಡು ತಲುಪಿದ ಮೇಲೆ ಶತ್ರುದೇಶದವರೆಂದು ಕೂಡಿಹಾಕಿದರು, ಅದು ಬೇರೆ ವಿಷಯ.

ಹಾಗಾದರೆ ಕ್ವೈನ್ ವಾಸ್ತವವಾದಿಯೋ ಸಾಪೇಕ್ಷತಾವಾದಿಯೋ? ಇಲ್ಲಿ ಓದುಗರು ಎರಡು ಪಕ್ಷವಾಗುತ್ತಾರೆ. 1951ರ ಪ್ರಬಂಧದ ಕೊನೆಯಲ್ಲಿ ಅವರೊಂದು ಮಾತು ಹೇಳುತ್ತಾರೆ. ಜ್ಞಾನದ ದೃಷ್ಟಿಯಿಂದ ನೋಡಿದರೆ ಮೇಜು ಕುರ್ಚಿಯಂಥ ವಸ್ತುಗಳೂ ಗ್ರೀಕ್ ಕವಿ ಹೋಮರನ ದೇವತೆಗಳೂ ಒಂದೇ ಬಗೆಯವು. ಎರಡೂ ಅನುಭವವನ್ನು ಹೊಂದಿಸಿಕೊಳ್ಳಲು ನಾವು ಇಟ್ಟುಕೊಂಡ ಕಲ್ಪನೆಗಳು, ವ್ಯತ್ಯಾಸ ಹೆಚ್ಚು ಕಡಿಮೆಯದಷ್ಟೇ. ಇಷ್ಟು ಓದಿ ಪುಸ್ತಕ ಮುಚ್ಚಿದವರು, ನೋಡಿದಿರಾ, ಎಲ್ಲ ಅವರವರ ಕತೆ ಅಂತಾನೇ ಹೇಳ್ತಾ ಇದ್ದಾರೆ, ಅನ್ನುತ್ತಾರೆ. ಆದರೆ ಅದೇ ಜಾಗದಲ್ಲಿ ಕ್ವೈನ್ ಇನ್ನೊಂದನ್ನೂ ಹೇಳಿದ್ದಾರೆ: ನಾನಂತೂ ವಸ್ತುಗಳನ್ನು ನಂಬುತ್ತೇನೆ, ಹೋಮರನ ದೇವತೆಗಳನ್ನು ನಂಬುವುದಿಲ್ಲ, ಬೇರೆ ರೀತಿ ನಂಬುವುದು ತಪ್ಪು.

ಇವೆರಡೂ ಒಟ್ಟಿಗೆ ಹೇಗೆ ಕೂರುತ್ತವೆ? ನನಗೆ ಕಾಣುವುದು ಹೀಗೆ. ನೆಪ್ಚೂನ್ ಇದೆ ಎಂಬ ಮಾತನ್ನು ಹಡಗಿನ ಮೇಲೆ ನಿಂತೇ ಹೇಳಬೇಕು. ಆದರೆ ಹೇಳುವಾಗ ಪೂರ್ತಿ ಮನಸ್ಸಿನಿಂದ ಹೇಳಬಹುದು. ‘ನಮ್ಮ ಪಾಲಿಗೆ ಇದೆ’ ಎಂದು ಬಾಲ ಸೇರಿಸುವ ಅಗತ್ಯ ಇಲ್ಲ. ಆ ಬಾಲ ಸೇರಿಸಬೇಕಾದರೆ ಹಡಗು ಬಿಟ್ಟು ಹೊರಗೆ ನಿಂತು, ನಮ್ಮ ಸಿದ್ಧಾಂತವನ್ನೂ ಬೇರೆಯವರ ಸಿದ್ಧಾಂತವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಆ ಜಾಗ ಎಲ್ಲಿದೆ? ಸಾಪೇಕ್ಷತಾವಾದಿ ತನಗೇ ಗೊತ್ತಿಲ್ಲದೆ ಅಲ್ಲಿ ಹೋಗಿ ನಿಂತಿರುತ್ತಾನೆ. ಜಗತ್ತು ಇದ್ದ ಹಾಗೆ ನಾನು ನೇರವಾಗಿ ಕಂಡೆ, ಸಿದ್ಧಾಂತದ ಹಂಗೇ ಇಲ್ಲ, ಅನ್ನುವ ಅತಿ ವಾಸ್ತವವಾದಿಯೂ ಅಲ್ಲೇ ಇರುತ್ತಾನೆ. ಜಗಳವಾಡುವ ಇಬ್ಬರೂ ನಿಂತಿರುವುದು ಒಂದೇ ಇಲ್ಲದ ಜಾಗದಲ್ಲಿ. ನಿಸರ್ಗವಾದದ ದೊಡ್ಡ ಕೊಡುಗೆ ಇದನ್ನು ತೋರಿಸಿದ್ದು ಎಂದು ನಾನು ತಿಳಿದಿದ್ದೇನೆ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನಿಸರ್ಗವಾದದ ಹೊಟ್ಟೆಯಲ್ಲೇ ಸಾಪೇಕ್ಷತಾವಾದ ಹುಟ್ಟಿತು.

ಸಾಪೇಕ್ಷತಾವಾದಕ್ಕೆ ಹಳೇ ಹೆಸರು ಪ್ರೊಟಾಗೊರಸ್. ಎಲ್ಲದಕ್ಕೂ ಮನುಷ್ಯನೇ ಅಳತೆಗೋಲು ಎಂದ ಗ್ರೀಕ್. ಅದನ್ನೇ ತಿರುಗಿಸಿ ಅಮೆರಿಕದ ತತ್ತ್ವಜ್ಞಾನಿ ವಿಲ್ಫ್ರಿಡ್ ಸೆಲರ್ಸ್ 1956ರಲ್ಲಿ, ಜಗತ್ತನ್ನು ವರ್ಣಿಸುವ, ವಿವರಿಸುವ ವಿಷಯದಲ್ಲಿ ಎಲ್ಲದಕ್ಕೂ ವಿಜ್ಞಾನವೇ ಅಳತೆಗೋಲು ಎಂದರು. ಸರಿ, ಆದರೆ ಯಾವ ವಿಜ್ಞಾನ? ನಾವು ಸಾಮಾನ್ಯವಾಗಿ ಭೌತಶಾಸ್ತ್ರ ಎಂದುಕೊಂಡುಬಿಡುತ್ತೇವೆ. ಎಡಿನ್‌ಬರೋದ ಡೇವಿಡ್ ಬ್ಲೂರ್ ಸಮಾಜಶಾಸ್ತ್ರ ಎಂದರು. 1976ರಲ್ಲಿ ಅವರು ಮುಂದಿಟ್ಟ ವಾದ ಇದು: ಜ್ಞಾನವೂ ನಿಸರ್ಗದ ಒಂದು ಘಟನೆ ಅನ್ನುವುದಾದರೆ, ಜನ ಒಂದನ್ನು ಯಾಕೆ ನಂಬಿದರು ಎಂದು ಹುಡುಕುವಾಗ ಆ ನಂಬಿಕೆ ಸರಿಯೋ ತಪ್ಪೋ ಎಂಬುದನ್ನು ಪಕ್ಕಕ್ಕಿಡಿ. ಸರಿಯಾದ ನಂಬಿಕೆಗೆ ‘ಅದು ನಿಜ, ಅದಕ್ಕೇ ನಂಬಿದರು’ ಎಂದು, ತಪ್ಪು ನಂಬಿಕೆಗೆ ಮಾತ್ರ ‘ಪೂರ್ವಗ್ರಹ, ಸ್ವಾರ್ಥ, ಕಾಲದ ಪ್ರಭಾವ’ ಎಂದು ಎರಡು ತಕ್ಕಡಿ ಇಟ್ಟುಕೊಳ್ಳಬೇಡಿ. ಎರಡಕ್ಕೂ ಒಂದೇ ಬಗೆಯ ಕಾರಣ ಕೊಡಿ. ಬ್ಲೂರ್ ತಮ್ಮನ್ನು ನಿಸರ್ಗವಾದಿ ಎಂದೂ ಕರೆದುಕೊಂಡರು, ಸಾಪೇಕ್ಷತಾವಾದಿ ಎಂದೂ ಕರೆದುಕೊಂಡರು. ಅವರ ಮಟ್ಟಿಗೆ ಎರಡೂ ಒಂದೇ ದಾರಿ.

ಇದನ್ನು ‘ಎಲ್ಲವೂ ಸಾಪೇಕ್ಷ ಅನ್ನುವ ನಿಮ್ಮ ಮಾತೂ ಸಾಪೇಕ್ಷ ತಾನೇ’ ಎಂದು ಒಂದೇ ಏಟಿಗೆ ಹೊಡೆದು ಹಾಕುವವರಿದ್ದಾರೆ. ಪ್ಲೇಟೋ ಕಾಲದ ಏಟು ಅದು. ನನಗೆ ಅಗ್ಗದ್ದು ಅನಿಸುತ್ತದೆ. ಬ್ಲೂರ್ ಅದನ್ನು ಒಪ್ಪಿಕೊಂಡೇ ಮಾತಾಡುತ್ತಾರೆ. ತಮ್ಮ ಸಿದ್ಧಾಂತಕ್ಕೂ ಸಾಮಾಜಿಕ ಕಾರಣ ಹುಡುಕಿ ಅನ್ನುತ್ತಾರೆ. ಅದಕ್ಕಿಂತ ನೆಪ್ಚೂನ್ ಮತ್ತು ವಲ್ಕನ್ ಎರಡರ ಮೇಲೂ ಅವರ ಸೂತ್ರವನ್ನು ಇಟ್ಟು ನೋಡುವುದು ಒಳ್ಳೆಯದು.

1860ರಲ್ಲಿ ನಿಂತು ನೋಡಿದರೆ ಸೂತ್ರ ಚೆನ್ನಾಗಿಯೇ ಕೂರುತ್ತದೆ. ವಲ್ಕನ್ ಇದೆ ಎಂದು ಜನ ಯಾಕೆ ನಂಬಿದರು? ಲೆವೆರಿಯೆ ಆಗ ಪ್ಯಾರಿಸ್ ವೀಕ್ಷಣಾಲಯದ ನಿರ್ದೇಶಕ. ಹಿಂದೆ ಒಮ್ಮೆ ಗೆದ್ದಿದ್ದವರು. ಅವರ ಮಾತಿಗೆ ತೂಕ ಜಾಸ್ತಿ. ನೆಪ್ಚೂನ್ ವಿಷಯದಲ್ಲೂ ಇಂಥ ಕಾರಣಗಳು ಇದ್ದೇ ಇದ್ದವು: ಫ್ರಾನ್ಸು ಇಂಗ್ಲೆಂಡುಗಳ ನಡುವೆ ಯಾರು ಮೊದಲು ಎಂಬ ಜಗಳ, ಪದವಿ, ಪ್ರತಿಷ್ಠೆ. ಇಲ್ಲಿಯವರೆಗೆ ಬ್ಲೂರ್ ಸರಿ. ಚರಿತ್ರೆ ಬರೆಯುವವರು ಕಲಿಯಬೇಕಾದ ಶಿಸ್ತು ಇದು. ಗೆದ್ದವರನ್ನು ಬುದ್ಧಿವಂತರೆಂದೂ ಸೋತವರನ್ನು ಪೆದ್ದರೆಂದೂ ಬರೆಯುವುದು ಸೋಮಾರಿತನ.

ಆದರೆ ಗಾಲೆಯ ಕಣ್ಣಿಗೆ ಬಿದ್ದ ಬೆಳಕು ನೆಪ್ಚೂನಿನಿಂದ ಬಂದದ್ದು. ಲೆಸ್ಕಾರ್ಬೋ ಕಂಡದ್ದು ಏನೇ ಇರಲಿ, ವಲ್ಕನ್ ಅಂತೂ ಆಗಿರಲಿಲ್ಲ. ಕಾರಣಗಳ ಪಟ್ಟಿ ಮಾಡಲು ಕೂತರೆ ಒಂದರಲ್ಲಿ ಆ ಗ್ರಹವೇ ಒಂದು ಕಾರಣವಾಗಿ ಕೂರುತ್ತದೆ, ಇನ್ನೊಂದರಲ್ಲಿ ಆ ಜಾಗ ಖಾಲಿ. ನಿಸರ್ಗವಾದಿ ಅನ್ನಿಸಿಕೊಂಡವನಿಗೆ ಗ್ರಹವನ್ನು ಪಟ್ಟಿಯಿಂದ ಹೊರಗಿಡಲು ಬರುವುದಿಲ್ಲ. ಪ್ರತಿಷ್ಠೆ ಎಷ್ಟು ನೈಸರ್ಗಿಕ ಕಾರಣವೋ ಗ್ರಹವೂ ಅಷ್ಟೇ, ಅಲ್ವಾ? ಭೌತಿಕ ಜಗತ್ತೂ ಒಂದು ಕಾರಣ ಎಂದು ಬ್ಲೂರ್ ಕೂಡ ಒಪ್ಪುತ್ತಾರೆ, ಅದನ್ನು ಮರೆಮಾಚಬಾರದು. ಆದರೆ ಎರಡೂ ಕಡೆ ಅದು ಒಂದೇ ಹದದಲ್ಲಿ ಕೆಲಸ ಮಾಡುತ್ತದೆ ಎಂಬಂತೆ ಮುಂದೆ ಸಾಗುತ್ತಾರೆ. ನನ್ನ ತಕರಾರು ಅಷ್ಟರ ಮೇಲೆ.

ಈ ವಾದದಲ್ಲಿ ಹಿಲರಿ ಪಟ್ನಂ ಅವರನ್ನು ಬಿಡಲಾಗದು. ಹಾರ್ವರ್ಡ್‌ನಲ್ಲಿ ಕ್ವೈನ್ ಸಹೋದ್ಯೋಗಿ. ಅಭಿಪ್ರಾಯ ಬದಲಿಸುವುದರಲ್ಲಿ ಹೆಸರುವಾಸಿ, ನನಗೆ ಅವರು ಇಷ್ಟವಾಗುವುದೂ ಅದಕ್ಕೇ. 1975ರಲ್ಲಿ ಅವರು ಕಟ್ಟಾ ವಾಸ್ತವವಾದಿ. ವಿಜ್ಞಾನ ಇಷ್ಟೊಂದು ಗೆಲ್ಲುತ್ತಿದೆ, ಅದು ಹೇಳುವುದು ಹೆಚ್ಚು ಕಡಿಮೆ ನಿಜವಲ್ಲದಿದ್ದರೆ ಆ ಗೆಲುವು ಪವಾಡವೇ ಸರಿ ಎಂದರು. 1981ರಲ್ಲಿ ಲ್ಯಾರಿ ಲಾಡನ್ ಎಂಬ ಇನ್ನೊಬ್ಬ ತತ್ತ್ವಜ್ಞಾನಿ ಇದಕ್ಕೆ ನೀರೆರಚಿದರು. ಒಂದು ಕಾಲಕ್ಕೆ ಚೆನ್ನಾಗಿ ಕೆಲಸ ಮಾಡಿ ಆಮೇಲೆ ಇಲ್ಲವೆಂದು ಗೊತ್ತಾದವುಗಳ ಪಟ್ಟಿಯನ್ನೇ ಕೊಟ್ಟರು: ಉರಿಯುವ ವಸ್ತುಗಳಲ್ಲೆಲ್ಲ ಇದೆ ಎಂದುಕೊಂಡಿದ್ದ ಫ್ಲೋಜಿಸ್ಟನ್, ಶಾಖದ ದ್ರವ, ಬೆಳಕು ಸಾಗುವ ಈಥರ್. ಅಷ್ಟರಲ್ಲಿ ಪಟ್ನಂ ತಾವೇ ಆ ಹಳೇ ನಿಲುವು ಬಿಟ್ಟು ಮುಂದೆ ಹೋಗಿದ್ದರು. 1982ರ ಒಂದು ಪ್ರಬಂಧದಲ್ಲಿ ಅವರು ಕ್ವೈನ್ ಮೇಲೂ ಸಾಪೇಕ್ಷತಾವಾದಿಗಳ ಮೇಲೂ ಒಟ್ಟಿಗೇ ಬಿದ್ದರು. ಜನ ಹೇಗೆ ನಂಬುತ್ತಾರೆ ಎಂದು ಹೇಳಿದಿರಿ, ಹೇಗೆ ನಂಬಬೇಕು ಎಂದು ಯಾರು ಹೇಳುತ್ತಾರೆ? ಅದನ್ನು ಮನಶ್ಶಾಸ್ತ್ರಕ್ಕೆ ಒಪ್ಪಿಸಿದರೂ ಹೋಯಿತು, ಸಂಸ್ಕೃತಿಗೆ ಒಪ್ಪಿಸಿದರೂ ಹೋಯಿತು.

ಕ್ವೈನ್ ಇದಕ್ಕೆ ಕೊಟ್ಟ ಉತ್ತರ ಇಂಜಿನಿಯರಿನದು. ನಿಜ ತಿಳಿಯುವುದು ನಿಮ್ಮ ಗುರಿಯಾದರೆ ಇಂಥ ವಿಧಾನ ಕೆಲಸ ಮಾಡುತ್ತದೆ, ಇಂಥದು ಮಾಡುವುದಿಲ್ಲ, ಅಷ್ಟೇ. ‘ಬೇಕು’ ಎಂಬುದು ಗುರಿಗೆ ತಕ್ಕ ಸಲಹೆ. ಇದು ಬಹುಮಟ್ಟಿಗೆ ಸಾಕು ಎಂದು ನನ್ನ ಅನಿಸಿಕೆ, ಪೂರ್ತಿ ಸಾಕು ಎನ್ನಲಾರೆ. ನಿಜ ತಿಳಿಯುವ ಗುರಿಯೇ ನನಗಿಲ್ಲ, ಮನಸ್ಸಿಗೆ ಹಿತವಾದದ್ದು ಸಾಕು ಎನ್ನುವವನಿಗೆ ಇಂಜಿನಿಯರ್ ಏನೂ ಹೇಳಲಾರ.

ನಮ್ಮಲ್ಲಿ ಈ ಮಾತು ತರಗತಿಯಿಂದ ಹೊರಗೆ ಬಂದ ಒಂದು ಸಂದರ್ಭವನ್ನು ಹೇಳಲೇಬೇಕು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ತನಿಖೆಗೆ ಒಂದು ಸಮಿತಿ ಮಾಡಿದರು. ಪವಾಡಗಳು ಮತ್ತು ‘ಪರೀಕ್ಷಿಸಬಹುದಾದ’ ಇತರ ಮೂಢನಂಬಿಕೆಗಳು ಅಂತ ಅದರ ಹೆಸರಿನಲ್ಲೇ ಇತ್ತು. ಆ ಒಂದು ವಿಶೇಷಣ ನನಗೆ ಬಹಳ ಮೆಚ್ಚುಗೆ. ಪರೀಕ್ಷೆಗೆ ಸಿಗದ್ದರ ಬಗ್ಗೆ ಸಮಿತಿ ತೀರ್ಪು ಕೊಡಲು ಹೊರಡಲಿಲ್ಲ. ಅವರವರ ನಂಬಿಕೆ ಅವರವರಿಗೆ, ಕೇಳಲು ನೀವ್ಯಾರು ಎಂಬ ಮಾತು ಇಂಥ ಕಡೆ ಬಂದೇ ಬರುತ್ತದೆ. ಗೌರವ ಬೇರೆ, ನಿಜ ಬೇರೆ. ಒಬ್ಬರ ನಂಬಿಕೆಯನ್ನು ಗೌರವಿಸಲು ಅದನ್ನು ‘ಅವರ ಪಾಲಿನ ನಿಜ’ ಎಂದು ಕರೆಯಬೇಕಾಗಿಲ್ಲ.

ಇಲ್ಲಿ ಜೈನರ ಅನೇಕಾಂತವನ್ನು ಸಾಪೇಕ್ಷತಾವಾದದ ಜೊತೆ ಸೇರಿಸಿ ಹೇಳುವ ರೂಢಿಯೂ ಇದೆ. ನನಗದು ಒಪ್ಪಿಗೆಯಿಲ್ಲ. ವಸ್ತುವಿಗೇ ಹಲವು ಮುಖಗಳಿವೆ, ಒಂದು ಹೇಳಿಕೆ ಒಂದು ಮುಖವನ್ನಷ್ಟೇ ಹಿಡಿಯುತ್ತದೆ ಎಂಬುದು ಅನೇಕಾಂತ. ವಸ್ತು ಇದೆ ಎಂಬುದರಲ್ಲಿ ಅವರಿಗೆ ಅನುಮಾನವೇ ಇಲ್ಲ. ಅದು ಅಪ್ಪಟ ವಾಸ್ತವವಾದ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: ಗ್ರಹದ ವಿಷಯದಲ್ಲಿ ನೀವು ಹೇಳಿದ್ದು ಸರಿ, ನೀತಿಯ ವಿಷಯಕ್ಕೂ ಇದೇ ಲೆಕ್ಕ ನಡೆಯುತ್ತಾ?

ಇದೇ ಲೆಕ್ಕವನ್ನು ಅಲ್ಲಿಗೆ ಒಯ್ದವರು ಗಿಲ್ಬರ್ಟ್ ಹಾರ್ಮನ್, ಹಾರ್ವರ್ಡ್‌ನಲ್ಲಿ ಕ್ವೈನ್ ಹತ್ತಿರ ಕಲಿತವರು. 1977ರ ಪುಸ್ತಕದಲ್ಲಿ ಅವರ ವಾದ ಹೀಗಿದೆ. ವಿಜ್ಞಾನಿ ಉಪಕರಣದಲ್ಲಿ ಆವಿಯ ಗೆರೆ ನೋಡಿ ‘ಅದೋ ಪ್ರೋಟಾನ್’ ಅನ್ನುತ್ತಾನೆ. ಅವನು ಹಾಗೆ ಯಾಕಂದ ಎಂದು ವಿವರಿಸಲು ಪ್ರೋಟಾನ್ ಬೇಕು. ಹುಡುಗರು ಬೆಕ್ಕಿಗೆ ಬೆಂಕಿ ಹಚ್ಚುವುದನ್ನು ನೋಡಿ ನೀವು ‘ತಪ್ಪು’ ಅನ್ನುತ್ತೀರಿ. ಅದನ್ನು ವಿವರಿಸಲು ನಿಮ್ಮ ಮನಸ್ಸು, ನೀವು ಬೆಳೆದ ರೀತಿ ಸಾಕು, ತಪ್ಪು ಎಂಬುದೊಂದು ಜಗತ್ತಿನಲ್ಲಿ ಇರಬೇಕಾಗಿಲ್ಲ. ಹಾಗಾಗಿ ಹಾರ್ಮನ್ ವಿಜ್ಞಾನದಲ್ಲಿ ವಾಸ್ತವವಾದಿ, ನೀತಿಯಲ್ಲಿ ಸಾಪೇಕ್ಷತಾವಾದಿ. ನಿಕೊಲಸ್ ಸ್ಟರ್ಜನ್ ಎಂಬ ಇನ್ನೊಬ್ಬ ತತ್ತ್ವಜ್ಞಾನಿ ಇದನ್ನು ಒಪ್ಪಲಿಲ್ಲ. ಹಿಟ್ಲರ್ ಅಷ್ಟು ಜನರನ್ನು ಕೊಲ್ಲಿಸಿದ್ದು ಯಾಕೆ ಎಂದು ವಿವರಿಸುವಾಗ ಅವನ ದುಷ್ಟತನವೂ ಒಂದು ಕಾರಣವಾಗಿ ಬರುತ್ತದೆ, ಅದನ್ನು ತೆಗೆದರೆ ವಿವರಣೆ ಅಷ್ಟು ಬಡವಾಗುತ್ತದೆ ಎಂದರು. ನಾನು ಸ್ಟರ್ಜನ್ ಕಡೆಗೆ ವಾಲುತ್ತೇನೆ. ಆದರೆ ನೆಪ್ಚೂನ್ ಬಗ್ಗೆ ಇರುವಷ್ಟು ಧೈರ್ಯ ಇಲ್ಲಿಲ್ಲ.

ಇನ್ನೊಬ್ಬರು, ವಿದ್ಯಾರ್ಥಿನಿ, ಕ್ವೈನ್ ಅವರನ್ನು ಎಲ್ಲಿಂದ ಓದಲು ಶುರು ಮಾಡಲಿ ಎಂದು ಕೇಳಿದರು. 1951ರ ಪ್ರಬಂಧದಿಂದಲೇ ಮಾಡಿ. ಆರು ಭಾಗಗಳಿವೆ. ಮೊದಲ ನಾಲ್ಕರಲ್ಲಿ ವ್ಯಾಖ್ಯೆ, ಸಮಾನಾರ್ಥ ಅಂತ ಸಣ್ಣ ಸಣ್ಣ ಜಗಳಗಳಿವೆ, ಅಲ್ಲೇ ಸುಸ್ತಾಗುತ್ತದೆ. ಆರನೆಯದನ್ನು ಮೊದಲು ಓದಿ, ಮೂರ್ನಾಲ್ಕು ಪುಟ ಅಷ್ಟೇ. ಹೋಮರನ ದೇವತೆಗಳು ಅಲ್ಲೇ ಇದ್ದಾರೆ. ಆಮೇಲೆ ಒಂದನೇ ಭಾಗಕ್ಕೆ ಹಿಂದಿರುಗಿದರೆ ಆ ಜಗಳಗಳು ಯಾಕೆ ಬೇಕಿದ್ದವು ಅಂತ ಗೊತ್ತಾಗುತ್ತದೆ.